ನೇರ ಹೋಗುವುದಷ್ಟೇ ಗೊತ್ತು

ಲಿಬಾರ್ದೋ ನನಗೆ ಸೈಕಲ್ ಕಲಿಸಿದ್ದು ನೇರ ಹೋಗುವುದಕ್ಕೆ ಮಾತ್ರ. ತಿರುಗಿಸುವ ಪಾಠ ಬರುವಷ್ಟರಲ್ಲಿ ಅವನ ತಾಳ್ಮೆ ಮುಗಿದಿತ್ತು, ನನ್ನ ಮೊಣಕಾಲಿನ ಚರ್ಮವೂ ಮುಗಿದಿತ್ತು. ಅರವತ್ತು ದಾಟಿದ ಹೆಂಗಸಿಗೆ ಇಷ್ಟು ಸಾಕು ಎಂದು ಇಬ್ಬರೂ ಒಪ್ಪಿಕೊಂಡೆವು.

ಸಿಕ್ಲೋವಿಯಾಕ್ಕೆ ಅಷ್ಟು ಸಾಕೇ ಸಾಕು. ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರ ತನಕ ಬೊಗೊಟಾದ ಸೆಪ್ಟಿಮಾ ರಸ್ತೆಗೆ ಕಾರು, ಬಸ್ಸು ಇಳಿಯುವಂತಿಲ್ಲ. ಅಷ್ಟು ಹೊತ್ತು ರಸ್ತೆ ಸೈಕಲ್ಲಿನವರದು, ಓಡುವವರದು, ನಾಯಿ ಎಳೆದುಕೊಂಡು ಬರುವವರದು, ಇವರೆಲ್ಲರ ಬಾಯಾರಿಕೆಯನ್ನೇ ನಂಬಿಕೊಂಡ ನನ್ನಂಥವರದು. ಚಾಪಿನೆರೋ ಬಡಾವಣೆಯ ಒಂದು ಮೂಲೆಯಲ್ಲಿ ನನ್ನ ಕಿತ್ತಳೆ ರಸದ ಗಾಡಿ. ಪಕ್ಕದಲ್ಲಿ ದೊಡ್ಡ ಕೊಡೆಯ ಕೆಳಗೆ ಪಂಕ್ಚರ್ ಹಾಕುವ ಲಿಬಾರ್ದೋ. ಯಾರೋ ರಿಪೇರಿಗೆ ಬಿಟ್ಟು ಮರೆತುಹೋದ ಹಸಿರು ಸೈಕಲ್ ಒಂದು ಅವನಲ್ಲಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನು ಹತ್ತಿ ಬೇಕರಿ ಮುಂದಿನ ದೀಪದ ಕಂಬದ ತನಕ ಹೋಗುತ್ತಿದ್ದೆ. ಕಂಬವನ್ನು ತಬ್ಬಿಕೊಂಡು ಇಳಿಯುವುದು, ಸೈಕಲನ್ನು ಕೈಯಿಂದ ತಿರುಗಿಸುವುದು, ಮತ್ತೆ ಹತ್ತಿ ವಾಪಸ್ ಬರುವುದು. ನನ್ನ ಸವಾರಿ ಎಂದರೆ ಇಷ್ಟೇ.

ಹಿಂದೆ ನನ್ನ ಇನ್ನೊಂದು ಪಕ್ಕದಲ್ಲಿ ಅಕ್ಕ ಬೆತ್ಸಬೆ ಜೋಳದ ಹಿಟ್ಟಿನೊಳಗೆ ಮಾಂಸ ತುಂಬಿ ಕರಿದ ಎಂಪನಾಡ ಮಾರುತ್ತಿದ್ದಳು. ಅವಳ ಬಿಸಿ ಬಿಸಿ ಎಂಪನಾಡ ತಿಂದವರು ನನ್ನ ರಸ ಕುಡಿಯದೆ ಹೋಗುತ್ತಿರಲಿಲ್ಲ. ಚೆನ್ನಾಗಿಯೇ ಇತ್ತು. ಒಂದು ಭಾನುವಾರ, ನನ್ನ ಗಿರಾಕಿಗಳು ಸಾಲಾಗಿ ನಿಂತಿದ್ದಾಗ, ಎಲ್ಲರಿಗೂ ಕೇಳುವಂತೆ ಅಂದಳು: "ಎದಿಲ್ಮಾ, ರಸಕ್ಕೆ ನೀರು ಬೆರೆಸೋದು ಬಿಡೇ. ಜನ ದಡ್ಡರಲ್ಲ."

ನೀರು! ನಾನು! ನನಗೂ ಬಾಯಿ ಇದೆಯಲ್ಲ. "ನಿನ್ನ ಎಂಪನಾಡದಲ್ಲಿ ಮಾಂಸ ಹುಡುಕೋಕೆ ಪೊಲೀಸರನ್ನ ಕರೆಸಬೇಕು" ಅಂದೆ. ಸಾಲಿನಲ್ಲಿದ್ದವರು ನಕ್ಕರು. ಅವರು ನಗದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಬೆತ್ಸಬೆ ಬುಟ್ಟಿ, ಮೇಜು ಎತ್ತಿಕೊಂಡು ಅದೇ ರಸ್ತೆಯಲ್ಲಿ ದಕ್ಷಿಣಕ್ಕೆ, ನ್ಯಾಷನಲ್ ಪಾರ್ಕಿನ ಬಾಗಿಲಿಗೆ ಹೋಗಿಬಿಟ್ಟಳು. ಹೋಗುವಾಗ, "ನೀನಾಗಿ ನನ್ನ ಹತ್ರ ಬರೋ ತನಕ ನಿನ್ನ ಮುಖ ನೋಡಲ್ಲ" ಅಂದಳು. ನಾನೂ ಅಂದೆ, "ನೀನಾಗಿ ಬರೋ ತನಕ ನಾನೂ ನೋಡಲ್ಲ."

ಇಬ್ಬರೂ ಒಂದೇ ತಾಯಿಯ ಮಕ್ಕಳು. ಹಟದಲ್ಲಿ ಯಾರೂ ಕಡಿಮೆಯಿಲ್ಲ. ವರ್ಷಗಳು ಉರುಳಿದವು.

ಹೀಗಿರುವಾಗ ಒಂದು ಭಾನುವಾರ ಲಿಬಾರ್ದೋ ಟ್ಯೂಬಿಗೆ ಗಾಳಿ ತುಂಬುತ್ತಾ, ನನ್ನ ಕಡೆ ನೋಡದೆಯೇ ಹೇಳಿದ: "ನಿಮ್ಮಕ್ಕ ಇಬಾಗೇಗೆ ಹೋಗ್ತಿದಾರಂತೆ, ದೋನ್ಯಾ ಎದಿಲ್ಮಾ. ಇಲ್ಲಿನ ಚಳಿ ಅವರ ಎದೆಗೆ ಆಗಲ್ವಂತೆ. ಮಗಳ ಮನೇಲೇ ಇನ್ನು ಖಾಯಂ. ಇವತ್ತೇ ಕೊನೇ ಭಾನುವಾರ."

"ಹೋಗ್ಲಿ. ಅಲ್ಲಿ ಸೆಖೆ. ಬೆವರಲಿ."

"ಹೋಗಿ ಒಂದ್ಸಲ ಮಾತಾಡಿಸ್ಕೊಂಡು ಬನ್ನಿ. ನಾನು ಗಾಡಿ ನೋಡ್ಕೋತೀನಿ."

"ನೀನು ನಿನ್ನ ಪಂಪು ನೋಡ್ಕೋ."

ಎರಡು ಕಿತ್ತಳೆ ಹಿಂಡಿದೆ. ಮೂರನೆಯದು ಕೈಯಿಂದ ಜಾರಿ ಚರಂಡಿಗೆ ಬಿತ್ತು. ಇಬಾಗೇ ಎಂದರೆ ಬಸ್ಸಿನಲ್ಲಿ ಅರ್ಧ ದಿನ. ನಾವಿಬ್ಬರೂ ಮುದುಕಿಯರು. ಇನ್ನು ಯಾವಾಗ? ಆದರೂ ನಾನಾಗಿ ಹೋಗುವುದೆಂದರೆ! ನೀರು ಬೆರೆಸಿದೆ ಎಂದು ಒಪ್ಪಿಕೊಂಡ ಹಾಗೆ ಅಲ್ಲವೇ?

"ಕಂಬದ ತನಕ ಹೋಗ್ಬರ್ತೀನಿ" ಎಂದು ಏಪ್ರನ್ ಬಿಚ್ಚಿ ಹಸಿರು ಸೈಕಲ್ ಹತ್ತಿದೆ.

ಕಂಬ ಬಂತು. ಕಂಬಕ್ಕೆ ಒಂದು ದೊಡ್ಡ ಕರಿ ನಾಯಿಯನ್ನು ಕಟ್ಟಿ ಯಾರೋ ಬೇಕರಿಗೆ ಹೋಗಿದ್ದರು. ನಾಯಿ ನನ್ನನ್ನು ನೋಡಿ ಎದ್ದು ನಿಂತಿತು. ಅಂಥ ಕಂಬವನ್ನು ಯಾರು ತಬ್ಬಿಕೊಳ್ಳುತ್ತಾರೆ? ಮುಂದೆ ಹೋದೆ. ಮುಂದಿನ ಕಂಬದ ಹತ್ತಿರ ಒಬ್ಬ ಪುಣ್ಯಾತ್ಮ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಅದರಾಚೆ ಸ್ವಲ್ಪ ಇಳಿಜಾರು. ಸೈಕಲ್ ತಾನಾಗಿಯೇ ಓಡತೊಡಗಿತು. ಹಿಂದಿನಿಂದ ಲಿಬಾರ್ದೋ, "ದೋನ್ಯಾ ಎದಿಲ್ಮಾ! ಕಂಬ ಹಿಂದೇನೇ ಉಳೀತು!" ಎಂದು ಕೂಗಿದ್ದು ಕೇಳಿಸಿತು.

ಅಯ್ಯೋ, ಆ ಗಾಳಿ! ಇಷ್ಟು ವರ್ಷ ರಸ್ತೆಯ ಪಕ್ಕದಲ್ಲಿ ನಿಂತು ಇವರಿಗೆಲ್ಲ ರಸ ಕೊಟ್ಟೆನಲ್ಲ, ಇವರು ಏಕೆ ಹಲ್ಲು ಕಿಸಿಯುತ್ತಾ ಹೋಗುತ್ತಾರೆ ಎಂದು ಆಗ ಗೊತ್ತಾಯಿತು. ನನ್ನ ಗಿರಾಕಿಗಳೇ ನನ್ನನ್ನು ದಾಟಿ ಹೋಗುತ್ತಾ ಕೈ ಬೀಸಿದರು. "ಏನಮ್ಮಾ, ರಸ ಇಲ್ವಾ ಇವತ್ತು?" "ಪಕ್ಕಕ್ಕೆ ಸರೀರೋ, ನನಗೆ ನಿಲ್ಲಿಸೋಕೆ ಬರಲ್ಲ!" ಎಂದು ನಾನು ಕೂಗಿದೆ. ಎಲ್ಲರೂ ಸರಿದರು. ದೊಡ್ಡ ಅಧಿಕಾರಿಗೂ ಈ ಊರಿನಲ್ಲಿ ಇಷ್ಟು ಬೇಗ ಯಾರೂ ದಾರಿ ಬಿಡುವುದಿಲ್ಲ.

ನಲವತ್ತೈದನೇ ಬೀದಿ ಅಡ್ಡ ಬರುವಲ್ಲಿ ಒಂದು ಕಾವಲು ಹುಡುಗಿ ಇರುತ್ತಾಳೆ. ಸಮವಸ್ತ್ರ, ಬಾಯಲ್ಲಿ ಸೀಟಿ, ಕೈಯಲ್ಲಿ ಕೆಂಪು ಫಲಕ. ಅಡ್ಡ ಬೀದಿಯ ಕಾರುಗಳು ದಾಟುವ ತನಕ ಸೈಕಲ್ಲಿನವರನ್ನೆಲ್ಲ ತಡೆದು ನಿಲ್ಲಿಸುತ್ತಾಳೆ. ಆ ಗಲಾಟೆ ಹೇಗೋ ಕಳೆಯಿತು. ಅಲ್ಲಿಂದ ಮುಂದೆ ಮರಗಳು ದಟ್ಟವಾದವು, ಪಾರ್ಕು ಕಾಣಿಸಿತು.

ಬಾಗಿಲ ಬಳಿ ಮಡಚುವ ಮೇಜು, ಬುಟ್ಟಿ, ಅದರ ಹಿಂದೆ ಉಣ್ಣೆ ಶಾಲು ಹೊದ್ದ ಬೆತ್ಸಬೆ. ಸೊರಗಿದ್ದಳು. ಒಂದು ಕೈ ಎದೆಯ ಮೇಲಿತ್ತು.

"ಅಕ್ಕಾ! ಹಿಡ್ಕೊಳೇ!"

ಅವಳು ಹಿಡಿದುಕೊಂಡಳು. ಹ್ಯಾಂಡಲನ್ನಲ್ಲ, ನನ್ನನ್ನು. ಸೈಕಲ್ ಮೇಜಿಗೆ ಗುದ್ದಿತು, ಖಾರದ ಚಟ್ನಿಯ ಡಬ್ಬಿ ಉರುಳಿತು. ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಏದುಸಿರು ಬಿಡುತ್ತಾ ನಿಂತೆವು. ಅವಳ ಶಾಲಿನಲ್ಲಿ ಹುರಿದ ಮೆಕ್ಕೆಜೋಳದ ವಾಸನೆ. ಅಮ್ಮನಿಗೂ ಅದೇ ವಾಸನೆ ಇತ್ತು.

ಮೊದಲು ಬಿಟ್ಟವಳು ಅವಳು. "ಅಂತೂ ಬಂದೆ" ಅಂದಳು.

"ನಾನು ಬಂದಿಲ್ಲ" ಅಂದೆ. "ಸೈಕಲ್ ಕರ್ಕೊಂಡು ಬಂತು. ನನಗೆ ನೇರ ಹೋಗೋದು ಬಿಟ್ರೆ ಏನೂ ಬರಲ್ಲ. ನಿಲ್ಲಿಸೋಕೂ ಬರಲ್ಲ. ಲಿಬಾರ್ದೋನ ಕೇಳು ಬೇಕಾದ್ರೆ."

ಬೆತ್ಸಬೆ ಚಟ್ನಿ ಡಬ್ಬಿ ಎತ್ತಿ ಒರೆಸಿದಳು. ಮುಚ್ಚಳ ಹಾಕಿದಳು. ಆಮೇಲೆ ನಿಧಾನವಾಗಿ ಕೇಳಿದಳು:

"ನಲವತ್ತೈದನೇ ಬೀದಿ ಹುಡುಗಿ ಇವತ್ತು ರಜಾನಾ?"

ನನ್ನ ಮುಖ ಬಿಸಿಯಾಯಿತು.

"ಇದಾಳೆ" ಅಂದೆ.

"ಅವಳು ಬಿಷಪ್ಪರು ಬಂದ್ರೂ ನಿಲ್ಲಿಸ್ತಾಳೆ."

"ನಿಲ್ಲಿಸಿದ್ಲು."

"ನೀನು ನಿಂತೆ."

"ಪಕ್ಕದ ಹುಡುಗನ ಹೆಗಲು ಹಿಡ್ಕೊಂಡು ನಿಂತೆ. ಏನೀಗ?"

"ಏನಿಲ್ಲ. ನಿಂತು, ಮತ್ತೆ ಈ ಕಡೇಗೇ ಹತ್ತಿದೆಯಲ್ಲ, ಅದಕ್ಕೆ ಕೇಳ್ದೆ."

ಫಲಕ ಕೆಳಗಿಳಿದಾಗ ಆ ಹುಡುಗ, "ಅಮ್ಮಾ, ಹಿಂದಕ್ಕೆ ತಿರುಗಿಸಿಕೊಡಲಾ?" ಎಂದು ಕೇಳಿದ್ದು ನಿಜ. ಬೇಡ, ಸ್ವಲ್ಪ ಮುಂದಕ್ಕೆ ತಳ್ಳಪ್ಪಾ ಎಂದು ನಾನು ಹೇಳಿದ್ದೂ ನಿಜ.

"ಆ ಹುಡುಗ ತಳ್ಳಿಬಿಟ್ಟ" ಅಂದೆ.

ಬೆತ್ಸಬೆ ನನ್ನನ್ನೇ ನೋಡಿದಳು. ಅವಳ ಬಾಯಿಯ ಮೂಲೆ ಅದುರಿತು. "ಸರಿ ಬಿಡು. ತಳ್ಳಿದ ಅಂದ್ರೆ ತಳ್ಳಿದ." ಬುಟ್ಟಿಯಿಂದ ಉಳಿದಿದ್ದ ಎಂಪನಾಡ ತೆಗೆದು ನನ್ನ ಕೈಗಿಟ್ಟಳು. ಕಚ್ಚಿದೆ. ಮಾಂಸ ತುಂಬಿ ತುಳುಕುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿದೆ ಕೂಡ. ಅವಳು ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡು, "ಚಟ್ನಿ ಖಾರ" ಅಂದಳು. ಡಬ್ಬಿಯ ಮುಚ್ಚಳ ಹಾಕಿಯೇ ಇತ್ತು.

ಅಷ್ಟು ಹೊತ್ತಿಗೆ ಕಾವಲಿನವರು ಸೀಟಿ ಊದುತ್ತಾ ಬಂದರು. ಎರಡಕ್ಕೆ ಇನ್ನು ಹೆಚ್ಚು ಹೊತ್ತಿಲ್ಲ, ಆಮೇಲೆ ರಸ್ತೆ ಬಸ್ಸುಗಳದು. "ಈಗ ವಾಪಸ್ ಹೇಗೆ ಹೋಗ್ತೀಯ? ನಿನಗೆ ತಿರುಗಿಸೋಕೆ ಬರಲ್ವಲ್ಲ" ಅಂದಳು ಬೆತ್ಸಬೆ.

"ಬರಲ್ಲ."

ಅವಳು ಮೇಜನ್ನು ಮಡಚಿ ಪಕ್ಕದಲ್ಲಿ ಜೋಳ ಮಾರುವವಳಿಗೆ ಒಪ್ಪಿಸಿದಳು. ಬುಟ್ಟಿಯನ್ನು ಹ್ಯಾಂಡಲಿಗೆ ತಗುಲಿಸಿದಳು. ಸೈಕಲನ್ನು ಎತ್ತಿ ಉತ್ತರಕ್ಕೆ ತಿರುಗಿಸಿ, ಸೀಟಿನ ಹಿಂದೆ ಕೈಯಿಟ್ಟಳು.

"ನಾನು ನಿನ್ನ ಹತ್ರ ಬರ್ತಿಲ್ಲ, ತಿಳ್ಕೋ. ಸೈಕಲ್ ಹಿಡ್ಕೊಂಡಿದೀನಿ, ಅಷ್ಟೇ."

"ಬಿಗಿಯಾಗಿ ಹಿಡ್ಕೋ" ಎಂದು ಸೈಕಲ್ ಹತ್ತಿದೆ.

ಅವಳು ದಣಿದಾಗ ನಾನು ಇಳಿದೆ. ನಾವಿಬ್ಬರೂ ಸೈಕಲಿನ ಎರಡು ಪಕ್ಕ ಹಿಡಿದು ನಡೆದೆವು. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆ ಎಂದು ನೋಡಿದವರಿಗೆ ಗೊತ್ತಾಗುವಂತಿರಲಿಲ್ಲ. ನಲವತ್ತೈದನೇ ಬೀದಿಯಲ್ಲಿ ಆ ಹುಡುಗಿ ಫಲಕ ಎತ್ತಿ ನಮ್ಮನ್ನು ನಿಲ್ಲಿಸಿದಳು. ನಾವು ನಗುತ್ತಲೇ ನಿಂತೆವು.

ಗಾಡಿಯ ಹತ್ತಿರ ಲಿಬಾರ್ದೋ ಗ್ರೀಸು ಮೆತ್ತಿದ ಕೈಯಲ್ಲೇ ಕಿತ್ತಳೆ ಹಿಂಡಲು ಹೊರಟಿದ್ದ. ಅವನನ್ನು ಅತ್ತ ದಬ್ಬಿ ನಾನೇ ಹಿಂಡಿದೆ, ಅಕ್ಕನ ಕಣ್ಣೆದುರಿಗೇ, ಒಂದೊಂದೇ ಹಣ್ಣು. ಲೋಟ ತುಂಬಿತು. ನೀರಿನ ಕ್ಯಾನು ದೂರದಲ್ಲಿತ್ತು. ಅದನ್ನು ಅವಳು ನೋಡಿದ್ದನ್ನೂ ನಾನು ನೋಡಿದೆ. ಬೆತ್ಸಬೆ ಒಂದು ಗುಟುಕು ಕುಡಿದಳು, ಲೋಟ ನನ್ನ ಕಡೆ ಚಾಚಿದಳು.

"ತುಂಬಾ ಸಿಹಿ ಕಣೇ" ಅಂದಳು. "ಒಂಚೂರು ನೀರು ಹಾಕು."

ಹಾಕಿದೆ.