ಹತ್ತಿಯಂಥ ಹೆಸರು, ಕಬ್ಬಿಣದ ಗುಂಡು

ಮೈಕು ಚಾಲೂ ಇದೆಯೆಂದು ಅರಿಯದೆ ನಾನು, "ಮಾವ, ಈ ಕುರ್ಚಿ ಮೊಳೆಗೆ ನನ್ನ ಪ್ಯಾಂಟು ಹರೀತು" ಎಂದು ಪಿಸುಗುಟ್ಟಿದ್ದು ಕ್ರೀಡಾಂಗಣದ ನಾಲ್ಕೂ ದಿಕ್ಕಿಗೆ ಕೇಳಿಸಿ, ಜನ ಬಿದ್ದು ಬಿದ್ದು ನಕ್ಕರು. ನಗದೆ ಉಳಿದವರು ನನ್ನ ಸೋದರಮಾವ ಒಬ್ಬರೇ. ಮೂವತ್ತು ವರ್ಷಗಳಿಂದ ಅಲ್ಲಿ ಸ್ಪರ್ಧಿಗಳ ಹೆಸರು ಕೂಗುತ್ತಿದ್ದ ಅವರು, ಮುಂದಿನ ಪಟ್ಟಿಯ ಒಂದೊಂದು ಹೆಸರನ್ನೂ, ಅಡುಗೆಯ ಉಪ್ಪು ನೋಡುವವರಂತೆ, ನಾಲಿಗೆಯ ಮೇಲೆ ಹೊರಳಿಸುತ್ತ ತಲ್ಲೀನರಾಗಿದ್ದರು.

ಡಕಾರ, ಗಕಾರ, ಬಕಾರಗಳು ಗುಡುಗುವ ಹೆಸರಿನವರು ಗುಂಡೆಸೆಯಲು ಹುಟ್ಟಿದವರು. ಲಕಾರ, ನಕಾರಗಳು ತೇಲುವ ಹೆಸರಿನವರು ಓಡಲು, ಹಾರಲು ಹುಟ್ಟಿದವರು: ಇದು ಅವರ ಅಚಲ ಸಿದ್ಧಾಂತ. ಸ್ಪರ್ಧೆಗೆ ಮುನ್ನವೇ ಪಟ್ಟಿಯಲ್ಲಿ ಗಟ್ಟಿ ಹೆಸರಿಗೊಂದು ದಪ್ಪ ಸೊನ್ನೆ, ಮೆತ್ತನೆಯದಕ್ಕೊಂದು ಸಣ್ಣ ಗೆರೆ ಬೀಳುತ್ತಿತ್ತು. ಭವಿಷ್ಯ ಸುಳ್ಳಾದರೆ ತಪ್ಪು ಗಾಳಿಯದು. ನನ್ನ ಹೆಸರನ್ನೂ ಒಮ್ಮೆ ಸವಿದು ನೋಡಿ, "ನೀನು ಬೇಕಾದ್ರೆ ಕೂತು ನೋಡಬಹುದಪ್ಪ" ಎಂದಿದ್ದರು.

ವಿಧಿಯ ಕುಚೋದ್ಯವೆಂದರೆ ಅವರ ಮಗಳೇ ಗುಂಡು ಎಸೆಯುವವಳು. ಅವಳಿಗೆ ತೊಟ್ಟಿಲಲ್ಲಿ ಅವರೇ ಆರಿಸಿ ಇಟ್ಟದ್ದು ಹತ್ತಿಯಂಥ ಹೆಸರು. ಅಂದು ಹನ್ನೆರಡು ಮೀಟರ್ ದಾಟಿದರೆ ಮಾತ್ರ ಅವಳಿಗೆ ರಾಜ್ಯ ತಂಡದಲ್ಲಿ ಜಾಗ. ವಯೋಮಿತಿಯಿಂದಾಗಿ ಅದೇ ಕಡೆಯ ಅವಕಾಶ. ಐದು ಎಸೆತಗಳು ಹನ್ನೆರಡರ ಗೆರೆಯ ಈಚೆಗೇ ಬಿದ್ದಿದ್ದವು. ಆರನೆಯ, ಕೊನೆಯ ಎಸೆತಕ್ಕೆ ಮಾವ, ಆ ಹೆಸರಿಗೆ ಹೇಗಾದರೂ ತೂಕ ತುಂಬಬೇಕೆಂದು, ಎದೆಯಾಳದಿಂದ ಗುಡುಗಿದರು. ಅವಳು ಗುಂಡನ್ನು ಕೆಳಗಿಟ್ಟು ನೇರ ನಮ್ಮ ಮೇಜಿಗೇ ಬಂದಳು.

"ಅಪ್ಪಾ, ಯಾರನ್ನ ಕರೀತಿದ್ದೀರಿ? ಮನೇಲಿ ಕೂಗೋ ಹಾಗೆ ಕೂಗಿ. ಹೆಸರಿಟ್ಟೋರು ನೀವು, ಎಸೆಯೋಳು ನಾನು."

"ಆಯ್ತಮ್ಮ, ಹೋಗು, ಟೈಮ್ ಆಗುತ್ತೆ."

ಆಮೇಲೆ ಅವರು ಮಲಗಿದ ಮಗುವನ್ನು ಎಬ್ಬಿಸುವವರಂತೆ ಮೃದುವಾಗಿ ಕೂಗಿದರು; ಅಷ್ಟು ಮೃದುವಾದ ಕೂಗನ್ನು ಅವರಿಂದ ನಾನು ಮತ್ತೆಂದೂ ಕೇಳಲಿಲ್ಲ. ಗುಂಡು ಹಾರಿತು, ಗೆರೆಯಾಚೆ ಧೂಳೆದ್ದಿತು, ಎಸೆತ ಸರಿಯೆಂದು ಬಿಳಿ ಬಾವುಟ ಮೇಲೇರಿತು. ಹನ್ನೆರಡು ಮೀಟರ್ ಹದಿನಾಲ್ಕು ಸೆಂಟಿಮೀಟರ್! ಅಂಕಿಯನ್ನು ಒಂದೇ ಸಲ ಹೇಳಬೇಕೆಂಬ ನಿಯಮವನ್ನು ಮೂವತ್ತು ವರ್ಷ ಪಾಲಿಸಿದ್ದ ಗಂಟಲು ಅದನ್ನು ಮೂರು ಸಲ ಕೂಗಿ, ನಾಲ್ಕನೆಯ ಸಲಕ್ಕೆ ಒಡೆಯಿತು. ಜನ ಎದ್ದು ನಿಂತರು. ಹರಿದ ಪ್ಯಾಂಟಿನ ಪರಿವೆಯಿಲ್ಲದೆ ನಾನೂ ನಿಂತೆ.

ಸಿದ್ಧಾಂತ ಕಟ್ಟುವವರ ಕುಲವೇ ಹೀಗೆ: ಕಟ್ಟಿದ್ದು ಕಣ್ಣೆದುರೇ ಕುಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವರೂ ಅವರೇ, ಮರುಗಳಿಗೆ ಅದರ ರಿಪೇರಿಗೆ ಕೂರುವವರೂ ಅವರೇ.

"ಮಾವ, ಮೆತ್ತನೆ ಹೆಸರಿನೋಳು ಗೆದ್ದುಬಿಟ್ಟಳಲ್ಲ, ಈಗೇನಂತೀರಿ?" ಎಂದೆ.

ಅವರು ಕನ್ನಡಕ ಒರೆಸಿಕೊಂಡು ಮುಂದಿನ ಪಟ್ಟಿಯನ್ನು ಎಳೆದುಕೊಂಡರು.

"ಗುಂಡಿಗೆ ಕಿವಿ ಇಲ್ಲ ಅನ್ನೋದು ನನಗೆ ಹೊಳೆದಿರಲಿಲ್ಲ ಕಣೋ."