ನರ ಸಿಗುವ ಕೈ

ರಕ್ತ ತೆಗೆಯಲು ಹೋದ ಎಲ್ಜನ್‌ಗೆ ಎರಡನೇ ಸಲವೂ ನರ ಸಿಗಲಿಲ್ಲವೆಂದು ಮಕ್ಕಳ ವಾರ್ಡಿನಿಂದ ಫೋನ್ ಬಂದಾಗ ರೊವೆನಾ ಕೈ ತೊಳೆಯುತ್ತಿದ್ದಳು. ಫೋನ್ ಎತ್ತಿಕೊಂಡವರು ಲ್ಯಾಬಿನ ಮುಖ್ಯಸ್ಥೆ ದುಮಾಲಾಗ್ ಮ್ಯಾಡಂ. ಕೇಳಿಸಿಕೊಳ್ಳುತ್ತಲೇ ತುಟಿ ಮುಂದೆ ಮಾಡಿ ಅದರಿಂದಲೇ ರೊವೆನಾಳ ಕಡೆ ತೋರಿಸಿ, ಆಮೇಲೆ ಬಾಗಿಲಿನ ಕಡೆ ತೋರಿಸಿದರು.

"ಇನ್ನೊಂದ್ಸಲ ಅವನೇ ನೋಡ್ಲಿ ಮ್ಯಾಡಂ," ಎಂದಳು ರೊವೆನಾ. "ಹಿಂಗೆ ಪ್ರತಿ ಸಲ ನಾನು ಓಡಿಹೋದ್ರೆ ಅವನು ಕಲಿಯೋದ್ಯಾವಾಗ?"

"ಎರಡು ಸಲ ತಪ್ಪಿದ್ರೆ ಬೇರೆಯವ್ರು ಹೋಗ್ಬೇಕು. ಅವನಿಗೆ ಹೇಳ್ಕೊಟ್ಟವಳು ನೀನೇ ಅಲ್ವಾ? ಮೂರು ತಿಂಗಳ ಕೂಸು, ಡೆಂಗಿ. ಹೋಗಮ್ಮ ಇಂದಾಯ್."

ರೊವೆನಾಳ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಕಾಗದವಿತ್ತು. ಲ್ಯಾಬ್ ಪರವಾನಗಿಯ ಪರೀಕ್ಷೆಗೆ ಓದಿಕೊಳ್ಳಲು ಇಪ್ಪತ್ತು ದಿನ ರಜೆ ಕೇಳಿದ ಅರ್ಜಿ. ಮ್ಯಾಡಂ ಅದಕ್ಕೆ ಸಹಿ ಹಾಕಬೇಕು. ಆಗಸ್ಟಿನ ಪರೀಕ್ಷೆಗೆ ಹೆಸರು ಕೊಡಲು ನಾಳೆ, ಶುಕ್ರವಾರ, ಕೊನೆಯ ದಿನ. ಹನ್ನೊಂದು ವರ್ಷದ ಹಿಂದೆ ಅದೇ ಪರೀಕ್ಷೆಯಲ್ಲಿ ಅವಳಿಗೆ ಎಪ್ಪತ್ನಾಲ್ಕು ಬಂದಿತ್ತು. ಎಪ್ಪತ್ತೈದು ಬಂದವರು ಟೆಕ್ನಾಲಜಿಸ್ಟ್, ಅದಕ್ಕೆ ಚೂರು ಕಡಿಮೆಯಾದವರು ಟೆಕ್ನೀಷಿಯನ್. ಟೆಕ್ನೀಷಿಯನ್ ರಕ್ತ ತೆಗೆಯಬಹುದು, ಎಣಿಸಬಹುದು, ವರದಿ ಬರೆಯಬಹುದು. ಅದರ ಕೆಳಗೆ ಸಹಿ ಹಾಕುವ ಹಾಗಿಲ್ಲ. ಒಂದೇ ಒಂದು ಅಂಕಕ್ಕೆ ಇಷ್ಟು ಉದ್ದದ ಶಿಕ್ಷೆ ಯಾವ ನ್ಯಾಯಾಲಯದಲ್ಲೂ ಇಲ್ಲ.

ಅವಳ ಕೈಕೆಳಗೆ ಕಲಿತ ಆರು ಮಂದಿ ಅವಳ ವರದಿಗಳಿಗೆ ಸಹಿ ಹಾಕುತ್ತಾ ಹಾಕುತ್ತಾ ರಿಯಾದ್, ದುಬೈ, ಟೆಕ್ಸಾಸ್ ಸೇರಿದ್ದರು. ಕ್ರಿಸ್‌ಮಸ್ಸಿಗೆ ಅವರು ಕಳಿಸಿದ ಕೈಗೆ ಹಚ್ಚುವ ಲೋಷನ್ ಆರು ಬಾಟಲಿ ಅವಳ ಕಪಾಟಿನಲ್ಲಿವೆ. ಮಾರ್ಚಿನ ಪರೀಕ್ಷೆಗೆ ಆಸ್ಪತ್ರೆಯ ತಪಾಸಣೆ ಅಡ್ಡ ಬರುತ್ತಿತ್ತು, ಆಗಸ್ಟಿನದಕ್ಕೆ ಡೆಂಗಿ. ಮ್ಯಾಡಂ ಕೆಟ್ಟವರಲ್ಲ, ತೊಂದರೆಯೇ ಅದು. ರೊವೆನಾಳ ಹುಟ್ಟುಹಬ್ಬಕ್ಕೆ ತಾವೇ ಪಾನ್ಸಿತ್ ಶಾವಿಗೆ ಬೇಯಿಸಿ ತರುವ ಹೆಂಗಸಿನ ಮೇಲೆ ಸಿಟ್ಟಾಗುವುದು ಹೇಗೆ? "ಕೂಸುಗಳ ರಕ್ತ ತೆಗೆಯೋಕೆ ಇನ್ನೊಬ್ರು ತಯಾರಾಗ್ಲಿ, ಅವತ್ತೇ ಸಹಿ ಹಾಕ್ತೀನಿ," ಎನ್ನುತ್ತಿದ್ದರು. ತಯಾರಾದವರೆಲ್ಲ ವಿಮಾನ ಹತ್ತಿದರು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರಲ್ಲ, ಕೆಲಸ ಬಲ್ಲವಳಿಗೂ ಅದೇ ಗತಿ.

ಬೆಳಿಗ್ಗೆ ಜೀಪ್ನಿ ಬಸ್ಸಿನಲ್ಲಿ ಕೂತಾಗ ಬಂದ ಯೋಚನೆ ಮೆಟ್ಟಿಲು ಹತ್ತುವಾಗ ಮತ್ತೆ ಬಂತು. ತಾನೂ ತಪ್ಪಿದರೆ? ಒಂದೇ ಒಂದು ಸಲ. ರೊವೆನಾಳಿಗೂ ಸಿಗಲಿಲ್ಲ ಎಂದು ವಾರ್ಡಿನಿಂದ ಫೋನ್ ಹೋದರೆ, ನೀನಿಲ್ಲದೆ ಆಗದು ಎನ್ನುವ ಮಾತು ಮ್ಯಾಡಂ ಬಾಯಲ್ಲಿ ಉಳಿಯುವುದಿಲ್ಲ. ಡಾಕ್ಟರು ಬಂದು ತೊಡೆಯಿಂದ ತೆಗೆಯುತ್ತಾರೆ. ಕೂಸಿಗೆ ಇನ್ನೆರಡು ಚುಚ್ಚು, ಅಷ್ಟೇ. ಅಷ್ಟೇ ಎಂದುಕೊಂಡಾಗ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ನಿರ್ಧಾರ ಬದಲಾಗಲಿಲ್ಲ.

ಏಳನೇ ಮಂಚದ ಹತ್ತಿರ ಎಲ್ಜನ್ ಬೆವೆತು ನಿಂತಿದ್ದ. ಇಪ್ಪತ್ಮೂರರ ಹುಡುಗ, ಪರೀಕ್ಷೆಯಲ್ಲಿ ಎಂಬತ್ತಾರು ತೆಗೆದವನು.

"ಸಿಕ್ಕಿತ್ತು ಮಾನಾಂಗ್. ಜಾರ್ಕೊಂಡ್ಬಿಡ್ತು," ಎಂದ, ಅಕ್ಕನ ಮುಂದೆ ತಪ್ಪೊಪ್ಪಿಕೊಳ್ಳುವ ಹಾಗೆ.

ಕೂಸಿಗೆ ಬೀಸಣಿಗೆ ಬೀಸುತ್ತಿದ್ದ ಅಜ್ಜಿ ತಿರುಗಿದಳು. "ಜಾರಿತಂತೆ! ನಮ್ಮ ಕೂಸನ್ನ ಜರಡಿ ಮಾಡ್ಬಿಟ್ಟ. ನೀನೇನಾ ರೊವೆನಾ? ಪಕ್ಕದ ಮಂಚದವ್ರು ಹೇಳಿದ್ರು, ನರ ಸಿಗೋ ಕೈ ಅಂತೆ ನಿಂದು. ನೀನು ಬರೋವರ್ಗೂ ಮುಟ್ಟೋಕೆ ಬಿಡ್ಬೇಡ ಅಂದೆ, ಇವಳು ಕೇಳ್ಲಿಲ್ಲ." ಇವಳು ಎಂದರೆ ತಾಯಿ. ಹದಿನೆಂಟು ದಾಟಿರಲಿಕ್ಕಿಲ್ಲ, ಕೂಸಿನ ಕಾಲು ಹಿಡಿದುಕೊಂಡು ಸುಮ್ಮನೆ ಕೂತಿದ್ದಳು.

ಕೂಸು ಅಳುತ್ತಲೂ ಇರಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲ.

ಎಡ ಮೊಣಕೈಯ ಒಳಗೆ ಎಲ್ಜನ್ ಎರಡು ಕಡೆ ನೀಲಿ ಮಾಡಿಟ್ಟಿದ್ದ. ಅಲ್ಲಿ ಇನ್ನು ಏನೂ ಸಿಗುವುದಿಲ್ಲವೆಂದು ರೊವೆನಾಳಿಗೆ ಗೊತ್ತಿತ್ತು. ಅಲ್ಲೇ ಚುಚ್ಚುವುದೆಂದು ತೀರ್ಮಾನಿಸಿ ಕೈಗವಸು ಹಾಕಿಕೊಂಡು ತೋಳು ಹಿಡಿದಳು. ತಣ್ಣಗಿತ್ತು. ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಬೇಕು. ಹನ್ನೊಂದು ವರ್ಷದಿಂದ ಹಾಗೆ ಮಾಡಿದ ಬೆರಳುಗಳು ತಮ್ಮಷ್ಟಕ್ಕೆ ಆ ಪುಟ್ಟ ಅಂಗೈಯನ್ನು ತಿಕ್ಕತೊಡಗಿದವು. ಹೆಬ್ಬೆರಳು ಕೂಸಿನ ಮಣಿಕಟ್ಟನ್ನು ಬಗ್ಗಿಸಿತು. ಹಿಂಗೈಯಲ್ಲಿ ಕಿರುಬೆರಳಿನ ಪಕ್ಕ ಮಲ್ಲಿಗೆ ಕಟ್ಟುವ ದಾರದಷ್ಟು ಸಣ್ಣಗೆ ಒಂದು ಗೆರೆ ಕಂಡಿತು.

ಬೇಡ, ಎಂದುಕೊಂಡಳು. ಅಷ್ಟರಲ್ಲಿ ಸೂಜಿ ಒಳಗೆ ಹೋಗಿ ರಕ್ತ ಹನಿಯತೊಡಗಿತ್ತು. ಕೂಸು ಆಮೇಲೆ ಒಮ್ಮೆ ಅತ್ತಿತು, ದನಿ ಸಣ್ಣದು.

"ನೋಡ್ದ್ಯಾ, ನೋಡ್ದ್ಯಾ!" ಎಂದು ಅಜ್ಜಿ ಎಲ್ಜನ್‌ನ ತೋಳಿಗೆ ಬೀಸಣಿಗೆಯಿಂದ ಹೊಡೆದಳು. ರೊವೆನಾಳ ಕಣ್ಣು ತುಂಬಿದ್ದು ಕಂಡು ಅಜ್ಜಿಯ ದನಿ ಮೆತ್ತಗಾಯಿತು. "ಅಯ್ಯೋ, ನಮ್ಮ ಕೂಸಿಗೋಸ್ಕರ ಅಳ್ತಿದಾಳಲ್ಲೇ ಇವಳು. ದೇವರು ನಿನ್ನ ಇಲ್ಲೇ ಇಟ್ಟಿರ್ಲಿ ಮಗಾ, ಎಲ್ಲೂ ಕಳಿಸದೇ ಇರ್ಲಿ."

ಲ್ಯಾಬಿನಲ್ಲಿ ಪ್ಲೇಟ್‌ಲೆಟ್ ಇಪ್ಪತ್ತೆರಡು ಸಾವಿರ ಬಂತು. ರೊವೆನಾ ನಂಬದೆ ಗಾಜಿನ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ತಾನೇ ನೋಡಿದಳು. ಸರಿಯಾಗಿತ್ತು. ವಾರ್ಡಿಗೆ ಫೋನ್ ಮಾಡಿ ಹೇಳಿದಳು, ವರದಿ ಬರೆದಳು, ಎಲ್ಜನ್‌ನ ಮುಂದೆ ಸರಿಸಿದಳು.

ಅವನು ಸಹಿ ಹಾಕಿ ಪೆನ್ನು ಮುಚ್ಚಲಿಲ್ಲ. "ಕೆಲಸ ನಿಮ್ದು, ಸಹಿ ನಂದು. ನಾಚ್ಕೆ ಆಗುತ್ತೆ ಮಾನಾಂಗ್."

"ನಾಚ್ಕೆ ಆದ್ರೆ ನರ ಹುಡುಕೋದು ಕಲಿ. ನಿನ್ನ ಕೈ ಕೆಟ್ಟದ್ದಲ್ಲ, ಹೆದರಿಕೆ ಅಷ್ಟೇ. ಜನವರಿ ಹೊತ್ತಿಗೆ ಕಲ್ತುಬಿಡ್ತೀಯ. ಮಾರ್ಚಿಗಾದ್ರೂ ನಾನು..."

ಎಲ್ಜನ್ ವರದಿಯನ್ನೇ ನೋಡುತ್ತಾ ಹೇಳಿದ. "ನವೆಂಬರ್‌ಗೆ ನನ್ನ ವೀಸಾ ಬರುತ್ತೆ ಮಾನಾಂಗ್. ಮ್ಯಾಡಂಗೆ ಇನ್ನೂ ಹೇಳಿಲ್ಲ."

ರೊವೆನಾ ವರದಿಯನ್ನು ತನ್ನ ಕಡೆ ಎಳೆದುಕೊಂಡಳು. "ಲೋಷನ್ ಕಳಿಸ್ಬೇಡ," ಎಂದಳು.

ಮ್ಯಾಡಂ ತಮ್ಮ ಕೋಣೆಯಿಂದ ಬಂದರು. ಮುಖದ ತುಂಬ ಹೆಮ್ಮೆ, ಸೂಜಿ ತಾವೇ ಹಾಕಿದ ಹಾಗೆ. "ಡಾಕ್ಟರು ಈಗ ಫೋನ್ ಮಾಡಿದ್ರು. ಹೊತ್ತಿಗೆ ಸರಿಯಾಗಿ ವರದಿ ಸಿಕ್ತು, ಇಲ್ದಿದ್ರೆ ಕೂಸು ಕೈ ಬಿಟ್ಟು ಹೋಗ್ತಿತ್ತು ಅಂದ್ರು. ನೀನೇ ಹೇಳು ಇಂದಾಯ್, ನಿನ್ನ ಹೆಂಗೆ ಕಳಿಸ್ಲಿ?" ಅವರು ನಿಜವಾಗಿಯೂ ಉತ್ತರಕ್ಕೆ ಕಾಯುವವರ ಹಾಗೆ ನಿಂತರು. ರೊವೆನಾ ಜೇಬಿಗೆ ಕೈ ಹಾಕಿದಳು. ಕಾಗದ ಬೆರಳಿಗೆ ಸಿಕ್ಕಿತು.

"ಹಾಂ, ಸಂಜೆ ಆರಕ್ಕೆ ಇನ್ನೊಂದ್ಸಲ ತೆಗೀಬೇಕಂತೆ," ಎಂದರು ಮ್ಯಾಡಂ. "ನಿನ್ನ ಪಾಳಿ ಮೂರಕ್ಕೇ ಮುಗಿಯುತ್ತೆ, ಗೊತ್ತು. ಆದ್ರೆ ಆ ಅಜ್ಜಿ ನಿನ್ನ ಹೆಸರು ಹಿಡಿದು ಕೂತಿದೆ. ಮರೀದಂಗೆ ಬರ್ದಿಟ್ಕೋ."

ಬರೆಯಲು ಬೇರೆ ಚೀಟಿ ಇರಲಿಲ್ಲವೆಂದಲ್ಲ. ಮೇಜಿನ ಮೇಲೆ ಕಟ್ಟೇ ಇತ್ತು. ರೊವೆನಾ ಜೇಬಿನ ಕಾಗದವನ್ನೇ ತೆಗೆದು, ಬಿಡಿಸಿ, ಬೋರಲಾಗಿಟ್ಟು ಅಂಗೈಯಿಂದ ಮಡಿಕೆಗಳನ್ನು ತೀಡಿದಳು. ಎಲ್ಜನ್‌ನ ಪೆನ್ನು ಕೇಳಿ ಇಸಿದುಕೊಂಡಳು. ಅರ್ಜಿಯ ಖಾಲಿ ಬೆನ್ನಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಳು: ಸಂಜೆ ಆರು, ಮಕ್ಕಳ ವಾರ್ಡ್, ಏಳನೇ ಮಂಚ. ಆಮೇಲೆ ಎದ್ದು ಹೋಗಿ, ರಕ್ತದ ನಳಿಕೆಗಳನ್ನಿಡುವ ಫ್ರಿಜ್ಜಿನ ಬಾಗಿಲಿಗೆ, ಈಗ ಬರೆದ ಬದಿ ಎಲ್ಲರಿಗೂ ಕಾಣುವ ಹಾಗೆ, ಮಾವಿನಹಣ್ಣಿನ ಆಕಾರದ ಅಯಸ್ಕಾಂತದಿಂದ ಅಂಟಿಸಿದಳು.