ಕಿವಿರಾಯರ ಮೂರನೆಯ ಕಾರು

ನಮ್ಮ ಯಜಮಾನರಿಗೆ ದೇವರು ಎರಡು ಕಿವಿ ಕೊಟ್ಟಿದ್ದಾನೆ. ಆದರೆ ಅವು ಹೆಂಡತಿಯ ಮಾತಿಗಲ್ಲ, ಇಂಜಿನ್ನಿಗೆ. ಅಡುಗೆಮನೆಯಿಂದ ಮೂರು ಸಲ ಕೂಗಿದರೂ ಕೇಳಿಸದ ಮನುಷ್ಯ, ಆಚೆ ಬೀದಿಯಲ್ಲಿ ಹೋಗುವ ಕಾರಿನ ಬೆಲ್ಟು ಸಡಿಲವಾಗಿದೆ ಎಂದು ಊಟದ ತಟ್ಟೆಯ ಮುಂದೆ ಕೂತೇ ಹೇಳುತ್ತಾರೆ. ಗಿರಾಕಿಗಳು ಅವರನ್ನು ಕಿವಿರಾಯರು ಎಂದು ಕರೆಯುತ್ತಾರೆ. ನಾನು ಕರೆಯುವುದು ಬೇರೆ, ಅದನ್ನು ಇಲ್ಲಿ ಬರೆಯುವುದು ಬೇಡ.

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಕೊಂಡು, ರಿಪೇರಿ ಮಾಡಿ ಮಾರುವ ಅಂಗಡಿ ನಮ್ಮದು. ಮುಂದೆ ಗಾಜು, ಗಾಜಿನ ಹಿಂದೆ ತಿರುಗುವ ದುಂಡು ಕಟ್ಟೆ, ಅದರ ಮೇಲೆ ಒಂದೇ ಒಂದು ಕಾರು. ಆ ಕಟ್ಟೆ ಹತ್ತಬೇಕಾದರೆ ಕಾರು ಕಿವಿ ಪರೀಕ್ಷೆ ಪಾಸಾಗಬೇಕು. ಹಿಂದಿನ ಶೆಡ್ಡಿನಲ್ಲಿ ಯಜಮಾನರು ಸ್ಟೂಲಿನ ಮೇಲೆ ಕಾರಿಗೆ ಬೆನ್ನು ಹಾಕಿ ಕೂತು, ಕಾರು ಒರೆಸುವ ಹಳದಿ ಬಟ್ಟೆಯನ್ನು ಕಣ್ಣಿಗೆ ಕಟ್ಟಿಕೊಳ್ಳುತ್ತಾರೆ. ಮಗಳು ಕಾರು ಚಾಲೂ ಮಾಡುತ್ತಾಳೆ. ಇವರು ಯಾವ ದೇಶದ್ದು, ಯಾವ ವರ್ಷದ್ದು, ಯಾವ ಸಿಲಿಂಡರಿಗೆ ಕೆಮ್ಮು ಎಂದೆಲ್ಲ ಹೇಳಿ, ಕೊನೆಗೆ "ಹತ್ತಿಸಿ" ಅಂದರೆ ಕಾರು ಕಟ್ಟೆಗೆ, "ಬೇಡ" ಅಂದರೆ ಹಿಂದಿನ ಗೋಡೆಗೆ. ಇಪ್ಪತ್ತೆರಡು ವರ್ಷದಿಂದ ಇದೇ ಪದ್ಧತಿ. ಮದುವೆಗೆ ಹೆಣ್ಣು ನೋಡುವಾಗಲೂ ಇವರು ಇಷ್ಟು ಗಮನ ಕೊಟ್ಟಿರಲಿಲ್ಲ, ನನಗೆ ಗೊತ್ತಲ್ಲ.

ಆ ಕಟ್ಟೆಯ ಮೇಲೆ ಜರ್ಮನಿ ಕೂತಿದೆ, ಇಟಲಿ ಕೂತಿದೆ. ಕೊರಿಯಾ ಮಾತ್ರ ಕೂತಿರಲಿಲ್ಲ. "ಅದು ಹಾಲು, ತರಕಾರಿ ತರೋ ಗಾಡಿ. ಅದರಲ್ಲಿ ಸ್ಪೋರ್ಟ್ಸ್ ಅಂತ ಏನಾದ್ರೂ ಇದ್ರೆ ಡಿಕ್ಕೀಲಿರೋ ಮಕ್ಕಳ ಚೆಂಡು ಮಾತ್ರ" ಎನ್ನುತ್ತಿದ್ದರು. ಗಿರಾಕಿಗಳೆಲ್ಲ ಹೋ ಎಂದು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ನಮ್ಮಲ್ಲಿ ಮೂರು ಜರ್ಮನಿ ಕಾರು ಕೊಂಡ ಹಲ್ಲಿನ ಡಾಕ್ಟರು.

ಅದೇ ಡಾಕ್ಟರು ಎರಡು ತಿಂಗಳಿಂದ ಬೆವರು ಒರೆಸಿಕೊಳ್ಳುತ್ತ ನಡೆದುಕೊಂಡು ಬರತೊಡಗಿದರು. ಕೇಳಿದರೆ, "ನಡೀರಿ ಅಂತ ಡಾಕ್ಟರು ಹೇಳಿದಾರೆ" ಎಂದರು. ಒಂದು ದಿನ ನಾನು ಎರಡು ಬೀದಿ ಆಚೆ ಔಷಧಿ ಅಂಗಡಿಗೆ ಹೋದಾಗ ನೋಡುತ್ತೇನೆ, ದೊಡ್ಡ ಲಾರಿಯ ಮರೆಯಲ್ಲಿ ನಿಂತ ನೀಲಿ ಬಣ್ಣದ ಕೊರಿಯಾ ಕಾರಿನಿಂದ ಡಾಕ್ಟರು ಇಳಿಯುತ್ತಿದ್ದಾರೆ. ನನ್ನನ್ನು ಕಂಡು ಮುಖ ಹುಳ್ಳಗೆ ಮಾಡಿಕೊಂಡರು.

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ರಾಯರಿಗೆ ಮಾತ್ರ ಹೇಳಬೇಡಿ. ಆದ್ರೆ ತಿರುವಿನಲ್ಲಿ ಇದು ರಸ್ತೆ ಹಿಡಿಯೋದಿದೆಯಲ್ಲ, ನನ್ನ ಮೂರು ಜರ್ಮನಿ ಸೇರಿಸಿದ್ರೂ ಆ ಮಜಾ ಬರಲ್ಲ."

ರಾಯರಿಗೆ ಹೇಳಲಿಲ್ಲ. ಮಗಳಿಗೆ ಹೇಳಿದೆ. ನನ್ನ ಬಾಯಲ್ಲಿ ಎಳ್ಳು ಕಾಳೂ ನೆನೆಯುವುದಿಲ್ಲ, ಏನು ಮಾಡಲಿ.

ಮಗಳು ನಕ್ಕಳು. "ಅವರೊಬ್ಬರೇ ಅಲ್ಲಮ್ಮ. ಆ ಬೀದೀಲಿ ನಮ್ಮ ಗಿರಾಕಿಗಳ ಕೊರಿಯಾ ಕಾರು ನಾಲ್ಕು ನಿಲ್ಲುತ್ತೆ. ಎಲ್ಲರೂ ಅಪ್ಪನಿಗೆ ಹೆದರಿ ಅಲ್ಲಿಂದ ನಡೆದು ಬರ್ತಾರೆ."

ಮರುವಾರವೇ ಅವಳು ಒಂದು ಬೂದಿ ಬಣ್ಣದ ಕೊರಿಯಾ ಸ್ಪೋರ್ಟ್ಸ್ ಕಾರು ತಂದು ಮನೆಯ ಮುಂದೆ ನಿಲ್ಲಿಸಿದಳು. ಅದೂ ಕರೆಂಟಿನದು. ಇಂಜಿನ್ನೇ ಇಲ್ಲ, ಸದ್ದೂ ಇಲ್ಲ. ಬೇಕೆಂದರೆ ಗುಂಡಿ ಒತ್ತಬೇಕು, ಆಗ ಸ್ಪೀಕರಿನಿಂದ ಇಂಜಿನ್ ಗುಡುಗುತ್ತದಂತೆ.

"ಇದನ್ನ ಕಟ್ಟೆ ಮೇಲೆ ಹತ್ತಿಸೋಣ ಅಪ್ಪ."

"ನಾನಿರೋ ತನಕ ಆಗಲ್ಲ. ಇಂಜಿನ್ ಬದಲು ರೇಡಿಯೋ ಇಟ್ಟಿರೋದನ್ನ ಕಾರು ಅಂತ ಯಾರಾದ್ರೂ ಅಂತಾರೇನು?"

ಮಾತಿಗೆ ಮಾತು ಬೆಳೆಯಿತು. ಬೇರೆ ಊರಿನ ಶೋರೂಮಿನವರು ಅವಳನ್ನು ಕೆಲಸಕ್ಕೆ ಕರೆದಿದ್ದಾರೆಂಬ ಸಂಗತಿ ಆಗ ಹೊರಬಿತ್ತು. "ನನ್ನ ಮಾತು ನಡೀದಿರೋ ಕಡೆ ನಾನ್ಯಾಕೆ ಇರಲಿ, ಸೋಮವಾರ ಹೊರಡ್ತೀನಿ" ಎಂದು ಮಗಳು ಚಕ್ರದ ಸೂಟ್‌ಕೇಸನ್ನು ಎಳೆದು ತಂದು ಹಜಾರದಲ್ಲಿ ನಿಲ್ಲಿಸಿಯೇ ಬಿಟ್ಟಳು. "ಹೋಗೋರನ್ನ ಹಿಡಿಯೋಕೆ ನಾನೇನು ಬ್ರೇಕಾ?" ಎಂದರು ಇವರು.

ಇರುವುದೊಬ್ಬಳೇ ಮಗಳು. ಅಂಗಡಿಯಲ್ಲಿ ಅವಳು ಎದುರು ಕುರ್ಚಿಯಲ್ಲಿ ಇಲ್ಲದಿದ್ದರೆ ನಾನು ಇಡೀ ದಿನ ಈ ಮನುಷ್ಯನ ಹತ್ತಿರ ಪಿಸ್ಟನ್ನಿನ ಪುರಾಣ ಕೇಳಬೇಕು. ಕೊನೆಗೆ ನಾನೇ ನಡುವೆ ನಿಂತು ತೀರ್ಮಾನ ಮಾಡಿಸಿದೆ. ಶನಿವಾರ ಕಿವಿ ಪರೀಕ್ಷೆ, ಮೂರು ಕಾರು. ಅವುಗಳಲ್ಲಿ ಕೊರಿಯಾದ್ದಕ್ಕೆ ಇವರು "ಹತ್ತಿಸಿ" ಅಂದರೆ ಮಗಳು ಇಲ್ಲೇ ಇರುತ್ತಾಳೆ. "ಬೇಡ" ಅಂದರೆ ಸೂಟ್‌ಕೇಸು ಸೋಮವಾರ ಹೊರಡುತ್ತದೆ.

ಆ ವಾರ ಮನೆಯಲ್ಲಿ ಎರಡು ವಿಚಿತ್ರ ಕಂಡೆ. ಒಂದು, ಯಜಮಾನರು ಬೆಳಿಗ್ಗೆ ಬೆಳಿಗ್ಗೆ ವಾಕಿಂಗು ಶುರು ಮಾಡಿದರು. ಬಾಗಿಲ ತನಕ ನಡೆದರೂ ಏದುಸಿರು ಬಿಡುವ ಈ ಮನುಷ್ಯ ಒಂದು ತಾಸು ತಿರುಗಾಡಿ, ಒಂದು ಹನಿ ಬೆವರಿಲ್ಲದೆ, ಕೆನ್ನೆ ಕೆಂಪಗೆ ಮಾಡಿಕೊಂಡು ಬರುತ್ತಿದ್ದರು. ಎರಡು, "ಅಮ್ಮ, ನನ್ನ ಕಾರಿನ ಸೀಟನ್ನ ಯಾರು ಹಿಂದೆ ತಳ್ಳಿದ್ದು? ಕಾಲೇ ಎಟುಕಲ್ಲ" ಎಂದು ಮಗಳು ದಿನಾ ಗೊಣಗುತ್ತಿದ್ದಳು. ನಾನು ಹೋಗಿ ನೋಡಿದೆ. ಸೀಟಿನ ಕೆಳಗೆ ಶುಂಠಿ ಪೆಪ್ಪರ್‌ಮೆಂಟಿನ ಆರು ಕಾಗದ ಬಿದ್ದಿದ್ದವು. ನಮ್ಮ ಮನೆಯಲ್ಲಿ ಅದನ್ನು ತಿನ್ನುವವರು ಒಬ್ಬರೇ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಕದ್ದು ಓಡಿಸಿದ್ದಾರೆ, ಸದ್ದೇ ಇಲ್ಲದ ಕಾರಾದ್ದರಿಂದ ಮನೆಯಲ್ಲಿ ಯಾರಿಗೂ ಎಚ್ಚರವಾಗಿಲ್ಲ. ಕಾಗದಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ನನ್ನ ಬಾಯಿ ಸುಮ್ಮನಿದ್ದದ್ದು ಜೀವಮಾನದಲ್ಲಿ ಅದೊಂದೇ ಸಲ.

ಶನಿವಾರ ಹಲ್ಲಿನ ಡಾಕ್ಟರೂ ಇನ್ನಿಬ್ಬರು ಹಳೆಯ ಗಿರಾಕಿಗಳೂ ಚಹಾ, ಬಿಸ್ಕತ್ತು ಹಿಡಿದು ಶೆಡ್ಡಿನಲ್ಲಿ ಸಾಲಾಗಿ ಕೂತರು. ಯಜಮಾನರು ಸ್ಟೂಲಿನ ಮೇಲೆ ಕೂತು ಹಳದಿ ಬಟ್ಟೆ ಕಟ್ಟಿಕೊಂಡರು. ಬೆಳಿಗ್ಗೆಯಿಂದ ಬಚ್ಚಲುಮನೆಯಲ್ಲಿ ಏನೋ ಒಬ್ಬರೇ ಗುನುಗುತ್ತಿದ್ದರು, ಪರೀಕ್ಷೆಗೆ ಹೋಗುವ ಮಕ್ಕಳು ಪಾಠ ಒಪ್ಪಿಸಿಕೊಳ್ಳುವ ಹಾಗೆ.

ಮೊದಲನೆಯ ಕಾರು ಗುರುಗುಟ್ಟಿತು. "ಜರ್ಮನಿ. ಹನ್ನೊಂದು ವರ್ಷದ್ದು. ಸೈಲೆನ್ಸರಿನ ಒಂದು ಬೋಲ್ಟು ಸಡಿಲ. ಬೇಡ."

ಎರಡನೆಯದು ಕಿರುಚಿತು. "ಇಟಲಿ. ಹಳೇ ಯಜಮಾನ ಎರಡನೇ ಗೇರಲ್ಲೇ ಹೊಡೆದು ಹೊಡೆದು ಸಾಯಿಸಿದಾನೆ, ಪಾಪ. ಬೇಡ."

ಎರಡೂ ಸರಿ. ಡಾಕ್ಟರು ಭಲೆ ಎಂದು ತಲೆದೂಗಿದರು. ಇನ್ನು ಉಳಿದದ್ದು ಒಂದೇ ಕಾರು, ಅದು ಯಾವುದೆಂದು ಎಂಥವರಿಗೂ ಗೊತ್ತಾಗುತ್ತದೆ. ಅದನ್ನೇ ಕೊನೆಗಿಟ್ಟ ನಮ್ಮ ಬುದ್ಧಿವಂತೆ ಮಗಳಿಗೆ ಮಾತ್ರ ಅದು ಹೊಳೆದಿರಲಿಲ್ಲ. ಥೇಟು ಅಪ್ಪನ ಮಗಳು. "ಬೇಡ" ಅನ್ನುವುದು ಈ ಮನುಷ್ಯನಿಗೆ ಉಸಿರಾಡಿದಷ್ಟು ಸುಲಭ.

ಮಗಳು ಕಾರು ಹತ್ತಿ ಬಾಗಿಲು ಹಾಕಿಕೊಂಡಳು. ಯಜಮಾನರು ಬೆನ್ನು ನೆಟ್ಟಗೆ ಮಾಡಿದರು. ಗಂಟಲು ಸರಿಮಾಡಿಕೊಂಡರು. ಆಮೇಲೆ ಒಂದೇ ಉಸಿರಿಗೆ ಶುರು ಮಾಡಿದರು.

"ಆಹಾ, ಏನು ಗಂಟಲು, ಏನು ಗಾಂಭೀರ್ಯ. ಜರ್ಮನಿಯದೇ, ಅನುಮಾನ ಬೇಡ. ಆರು ಸಿಲಿಂಡರು. ಒಂದಕ್ಕೂ ಕೆಮ್ಮಿಲ್ಲ, ಒಂದಕ್ಕೂ ಸೀನಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಸದ್ದು ಕೇಳಿಲ್ಲ. ಹತ್ತಿಸಿ."

ಡಾಕ್ಟರ ಕೈಯಲ್ಲಿದ್ದ ಬಿಸ್ಕತ್ತು ಕರಗಿ ಚಹಾದೊಳಗೆ ಬಿತ್ತು.

ಮಗಳು ಕಿಟಕಿಯಿಂದ ತಲೆ ಹೊರಹಾಕಿ ಮೆಲ್ಲಗೆ ಹೇಳಿದಳು. "ಅಪ್ಪ, ನಾನಿನ್ನೂ ಸ್ಪೀಕರಿನ ಗುಂಡಿ ಹುಡುಕ್ತಾ ಇದೀನಿ. ಗಾಡಿ ಸದ್ದೇ ಮಾಡಿಲ್ಲ."

ಅಷ್ಟರಲ್ಲಿ ಗುಂಡಿ ಸಿಕ್ಕಿತೇನೋ, ಕಾರು ಘರ್ರ್ ಎಂದು ಗುಡುಗಿತು. ಯಜಮಾನರು ಬೆಚ್ಚಿ ಸ್ಟೂಲಿನಿಂದ ಕೆಳಗೆ ಬಿದ್ದರು.

ಎತ್ತಿ ಕೂರಿಸಿದೆವು. ಕಣ್ಣಿನ ಬಟ್ಟೆ ಬಿಚ್ಚಿದರೆ, ಇಪ್ಪತ್ತೆರಡು ವರ್ಷ ಜಂಬ ಮಾಡಿದ ಕಿವಿಗಳೆರಡೂ ಕೆಂಪಗಾಗಿದ್ದವು. ಗಿರಾಕಿಗಳು ನಗಲೂ ಆಗದೆ ಬಿಡಲೂ ಆಗದೆ ಚಹಾ ಲೋಟದಲ್ಲಿ ಮುಖ ಹುದುಗಿಸಿದರು. ಮಗಳು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ನಿಜ ಹೇಳಿ ಅಪ್ಪ. ನಿಮಗೆ ಏನು ಕೇಳಿಸ್ತು?"

ಅವರು ಹಳದಿ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. "ನಿನ್ನ ಸೂಟ್‌ಕೇಸಿನ ಎಡಗಡೆ ಚಕ್ರ ಕಿರ್ ಅನ್ನುತ್ತೆ" ಎಂದರು. "ನೀನು ಅದನ್ನ ಹಜಾರಕ್ಕೆ ಎಳಕೊಂಡು ಬಂದ ದಿನದಿಂದ ನನ್ನ ಕಿವೀಲಿ ಅದೊಂದೇ ಇರೋದು. ಬೇರೆ ಏನೂ ಕೇಳಿಸ್ತಾ ಇಲ್ಲ ಕಣಮ್ಮ."

ಮಗಳು ಅವರ ಮಂಡಿಯ ಮೇಲೆ ಹಣೆ ಇಟ್ಟು ಅತ್ತಳು. ನಾನೂ ಅತ್ತೆ. ಡಾಕ್ಟರೂ ಅತ್ತರು, ಅವರಿಗೇನು ಬಂದಿತ್ತೋ. ಮೂಗು ಒರೆಸಿಕೊಂಡು, "ರಾಯರೇ, ಎರಡು ಬೀದಿ ಆಚೆ ನಂದೂ ಒಂದು ನಿಂತಿದೆ" ಎಂದು ತಪ್ಪೊಪ್ಪಿಕೊಂಡರು. ಪಕ್ಕದಲ್ಲಿದ್ದ ಇಬ್ಬರೂ ಮೆಲ್ಲಗೆ ಕೈ ಎತ್ತಿದರು.

"ತಂದು ಬಾಗಿಲಲ್ಲೇ ನಿಲ್ಸಿ" ಎಂದರು ಯಜಮಾನರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಆಮೇಲೆ ಸೇರಿಸಿದರು, "ಆ ಗಾಡಿ ತಿರುವಿನಲ್ಲೇನೋ ಚೆನ್ನಾಗೇ ಹೋಗುತ್ತೆ. ಸೀಟು ಮಾತ್ರ ಇನ್ನೆರಡು ಇಂಚು ಹಿಂದೆ ಹೋಗಬೇಕಿತ್ತು."

ಮಗಳು ತಲೆ ಎತ್ತಿ ನನ್ನ ಮುಖ ನೋಡಿದಳು. ನಾನು ಸೆರಗಿನ ಗಂಟು ಬಿಚ್ಚಿ ಆರು ಪೆಪ್ಪರ್‌ಮೆಂಟು ಕಾಗದಗಳನ್ನು ಅವಳ ಕೈಗೆ ಹಾಕಿದೆ.

ಸಂಜೆ ಕಟ್ಟೆಯ ಮೇಲೆ ಕೊರಿಯಾ ಕಾರು ತಿರುಗುತ್ತಿತ್ತು. ನಾನು ಮನೆಗೆ ಬಂದು, ಇನ್ನೇಕೆ ದಾರಿಗಡ್ಡ ಎಂದು ಸೂಟ್‌ಕೇಸನ್ನು ಒಳಗೆ ಎಳೆದೆ. ಅದು ಕದಲಲಿಲ್ಲ. ಬಗ್ಗಿ ನೋಡಿದರೆ ಒಂದು ಚಕ್ರವೂ ಇಲ್ಲ. ನಾಲ್ಕೂ ಯಜಮಾನರ ಟೂಲ್ ಬಾಕ್ಸಿನಲ್ಲಿ, ಸ್ಕ್ರೂಗಳ ಸಮೇತ, ಇನ್ನೊಂದು ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದವು. ನಾನು ಅವುಗಳನ್ನು ಇನ್ನೂ ಸ್ವಲ್ಪ ಆಳಕ್ಕೆ, ಸ್ಪ್ಯಾನರುಗಳ ಕೆಳಗೆ ತಳ್ಳಿ ಮುಚ್ಚಳ ಹಾಕಿದೆ.